ಉಪ್ಪುಂದದ ಹಸಿಗಾಳಿಯಲ್ಲಿ ವಿದ್ಯುದಾವೇಶದ ಪಾಠ

ಎಂಟನೇ ತರಗತಿ ವಿಜ್ಞಾನದ ‘ಕೆಲವು ನೈಸರ್ಗಿಕ ವಿದ್ಯಮಾನಗಳು’ ಪಾಠದಲ್ಲಿ ಉಣ್ಣೆ ಬಟ್ಟೆ ಕಳಚುವಾಗ ಕೇಳುವ ಚಟಪಟ ಸದ್ದಿನ ಉದಾಹರಣೆ ಬರುತ್ತದೆ. ಉಪ್ಪುಂದದ ಮಕ್ಕಳಿಗೆ ಸ್ವೆಟರ್ ಹಾಕುವಂಥ ಚಳಿಯೂ ಇಲ್ಲ, ಆ ಸದ್ದು ಕೇಳುವಷ್ಟು ಒಣ ಹವೆಯೂ ಇಲ್ಲ. ಆದರೆ ಸಿಡಿಲು ಎಲ್ಲರಿಗೂ ಗೊತ್ತು. ಹಾಗಾಗಿ ಬೋಧನಾಭ್ಯಾಸದಲ್ಲಿ ಈ ಪಾಠವನ್ನು ನಾನು ಒಂದೇ ಪ್ರಶ್ನೆಯ ಸುತ್ತ ಜೋಡಿಸಿದೆ: ಆವೇಶ ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹರಿದುಹೋಗುತ್ತದೆ?

ಸಿದ್ಧತೆ

ಎರಡು ಬಲೂನು, ಖಾಲಿ ರೀಫಿಲ್, ಪ್ಲಾಸ್ಟಿಕ್ ಬಾಚಣಿಗೆ, ಪಾಲಿಥಿನ್ ತುಂಡು, ಉಣ್ಣೆ ಬಟ್ಟೆ, ದಾರ, ಕಾಗದದ ಚೂರುಗಳು. ಬಲೂನು ಬಿಟ್ಟು ಉಳಿದೆಲ್ಲವನ್ನೂ ತರಗತಿಗೆ ಮೊದಲು ಅರ್ಧ ಗಂಟೆ ಬಿಸಿಲಿಗಿಟ್ಟೆ. ಬೆವರಿದ ಕೈ ಒರೆಸಿಕೊಳ್ಳಲು ಪ್ರತಿ ಗುಂಪಿಗೂ ಒಣ ಬಟ್ಟೆ ಕೊಟ್ಟೆ. ಎಣ್ಣೆ ಹಚ್ಚಿದ ತಲೆಗೆ ಬಾಚಣಿಗೆ ಉಜ್ಜಿದರೆ ಪ್ರಯೋಗ ಸರಿಯಾಗಿ ನಡೆಯದು. ಅದಕ್ಕಾಗಿಯೇ ಉಣ್ಣೆ ಬಟ್ಟೆ.

ಚಟುವಟಿಕೆ 1: ಆಕರ್ಷಣೆ

ಉಣ್ಣೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತಿತು. ‘ಕಾಗದದಲ್ಲೂ ಆವೇಶ ಇದೆ’ ಎಂದು ಹೆಚ್ಚಿನ ಮಕ್ಕಳು ಹೇಳಿದರು. ‘ಕಾಗದವನ್ನು ಉಜ್ಜಿದವರು ಯಾರು?’ ಎಂದು ಕೇಳಿದಾಗ ತರಗತಿ ಯೋಚನೆಗೆ ಬಿತ್ತು.

ಕಾಗದದಲ್ಲಿ ಧನ ಮತ್ತು ಋಣ ಆವೇಶಗಳು ಸಮವಾಗಿರುತ್ತವೆ. ಋಣ ಆವೇಶದ ಬಾಚಣಿಗೆ ಹತ್ತಿರ ಬಂದಾಗ ಕಾಗದದ ಅಣುಗಳೊಳಗಿನ ಎಲೆಕ್ಟ್ರಾನ್‌ಗಳು ತುಸು ಹಿಂದೆ ಸರಿಯುತ್ತವೆ. ಬಾಚಣಿಗೆಯ ಕಡೆಯ ಮೇಲ್ಮೈ ತುಸು ಧನವಾಗುತ್ತದೆ, ಆಚೆ ಬದಿ ತುಸು ಋಣವಾಗುತ್ತದೆ. ದೂರ ಹೆಚ್ಚಿದಂತೆ ಬಲ ಕುಗ್ಗುವುದರಿಂದ ಹತ್ತಿರದ ಆಕರ್ಷಣೆ ಆಚೆಯ ವಿಕರ್ಷಣೆಯನ್ನು ಮೀರುತ್ತದೆ. ಎರಡು ಬಿಂದು ಆವೇಶಗಳ ನಡುವಿನ ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು ಕೂಲಾಮ್ 1785ರಲ್ಲಿ ಕೊಟ್ಟರು.

ಚಟುವಟಿಕೆ 2: ವಿಕರ್ಷಣೆ

ಉಣ್ಣೆಗೆ ಉಜ್ಜಿದ ಎರಡು ಬಲೂನುಗಳನ್ನು ಗೇಣಂತರದಲ್ಲಿ ತೂಗುಹಾಕಿದೆವು, ಒಂದನ್ನೊಂದು ದೂಡಿದವು. ಪಾಲಿಥಿನ್‌ಗೆ ಉಜ್ಜಿದ ರೀಫಿಲ್ ಹತ್ತಿರ ತಂದಾಗ ಬಲೂನು ಅದರತ್ತ ಬಂತು. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ ಎಂಬ ನಿಯಮವನ್ನು ಮಕ್ಕಳೇ ಹೇಳಿದರು.

ಆಮೇಲೆ ಕೇಳಿದ ಪ್ರಶ್ನೆ: ‘ಒಂದು ವಸ್ತು ಬಾಚಣಿಗೆಯತ್ತ ಬಂತು. ಅದರಲ್ಲಿ ಆವೇಶ ಇದೆಯೇ?’ ಕಾಗದದ ಚೂರನ್ನು ನೆನಪಿಸಿಕೊಂಡ ಗುಂಪೊಂದು ‘ಹೇಳಲಾಗದು’ ಎಂದಿತು. ಅದೇ ಸರಿ. ಆಕರ್ಷಣೆ ತಟಸ್ಥ ವಸ್ತುವಿನಲ್ಲೂ ಕಾಣುತ್ತದೆ. ಎರಡೂ ವಸ್ತುಗಳು ಆವಿಷ್ಟವಾಗಿವೆ ಎನ್ನಲು ವಿಕರ್ಷಣೆಯೇ ಖಚಿತ ಪರೀಕ್ಷೆ.

ಉಜ್ಜುವುದರಿಂದ ಆವೇಶ ಹುಟ್ಟುವುದಿಲ್ಲ, ಎಲೆಕ್ಟ್ರಾನ್‌ಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ ಅಷ್ಟೆ. ಒಂದು ಎಲೆಕ್ಟ್ರಾನಿನ ಆವೇಶದ ಪ್ರಮಾಣ 1.6 × 10⁻¹⁹ ಕೂಲಾಮ್. ಒಂದು ಕೂಲಾಮಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಋಣ ಆವೇಶ ಸೇರಬೇಕಾದರೂ ಸುಮಾರು 625 ಕೋಟಿ ಎಲೆಕ್ಟ್ರಾನ್‌ಗಳು ದಾಟಿ ಬರಬೇಕು.

ಚಟುವಟಿಕೆ 3: ಸೋರಿಕೆ

ಕೆಲವು ನಿಮಿಷಗಳಲ್ಲಿ ಬಲೂನುಗಳು ಮತ್ತೆ ಹತ್ತಿರ ಬಂದವು. ಇದನ್ನೂ ಪಾಠದ ಭಾಗವಾಗಿಯೇ ಇಟ್ಟುಕೊಂಡಿದ್ದೆ. ಉಜ್ಜಿದ ಬಾಚಣಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಾಗದವನ್ನು ಎತ್ತುವುದಿಲ್ಲ ಎಂಬುದನ್ನು ಮಕ್ಕಳು ಮಾಡಿ ನೋಡಿದರು. ನಮ್ಮ ಕರಾವಳಿಯ ಗಾಳಿಯಲ್ಲಿನ ತೇವ ವಸ್ತುಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ನೀರಿನ ಪದರವಾಗಿ ಕೂರುತ್ತದೆ. ಆವೇಶ ಅದರ ಮೂಲಕ ಮೆಲ್ಲಗೆ ಸೋರಿಹೋಗುತ್ತದೆ. ನಮ್ಮ ದೇಹವೂ ವಾಹಕವೇ. ಮುಟ್ಟಿದರೆ ಆವೇಶ ದೇಹದ ಮೂಲಕ ನೆಲಕ್ಕೆ ಇಳಿಯುತ್ತದೆ.

ಸಿಡಿಲಿನತ್ತ

ಸಿಡಿಲು ಮತ್ತು ಉಜ್ಜಿದ ವಸ್ತುವಿನ ಕಿಡಿ ಒಂದೇ ಜಾತಿಯವು ಎಂದು ಫ್ರಾಂಕ್ಲಿನ್ 1752ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಗುಡುಗುಮೋಡದ ಕೆಳಭಾಗದಲ್ಲಿ ಋಣ ಆವೇಶ ಸೇರುತ್ತದೆ. ಪ್ರೇರಣೆಯಿಂದ ಕೆಳಗಿನ ನೆಲ ಧನವಾಗುತ್ತದೆ. ನಡುವಿನ ಗಾಳಿ ಅವಾಹಕವಾಗಿ ಉಳಿಯಲಾರದಾದಾಗ ಆವೇಶ ಒಮ್ಮೆಲೇ ಹರಿಯುತ್ತದೆ. ಒಂಟಿ ಮರದಡಿ, ತೆಂಗಿನ ಬುಡ, ಬಯಲು ಗದ್ದೆ, ಕಡಲ ತೀರ, ದೋಣಿ ಇವೆಲ್ಲ ಏಕೆ ಅಪಾಯ ಎಂದು ಮಕ್ಕಳೇ ಪಟ್ಟಿ ಮಾಡಿದರು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನ ಒಳಗಿದೆ ಎಂದರ್ಥ; ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಬೇಕು.

ಆಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ: ‘ಸಿಡಿಲು ಬಡ್ದವ್ರನ್ನ ಮುಟ್ಲಕ್ಕಾ ಟೀಚರ್?’ ಮುಟ್ಟಿದರೆ ತಮಗೂ ಶಾಕ್ ಹೊಡೆಯುತ್ತದೆ ಎಂದೇ ಹಲವರು ನಂಬಿದ್ದರು. ಉತ್ತರ ಹೇಳುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದ ಬಾಚಣಿಗೆಯನ್ನು ತೋರಿಸಿದೆ. ‘ಇದರಲ್ಲಿ ಆವೇಶ ಉಳಿದಿದೆಯೇ?’ ‘ಇಲ್ಲ.’ ‘ನೆಲದ ಮೇಲಿರುವ ಮನುಷ್ಯನಲ್ಲಿ?’ ಒಬ್ಬಳು ಹೇಳಿದಳು, ‘ಅದೂ ನೆಲಕ್ಕೆ ಹೋಗಿ ಆಯ್ತು.’

ಹೌದು, ಸಿಡಿಲು ಬಡಿದವರ ದೇಹದಲ್ಲಿ ಆವೇಶ ಉಳಿಯುವುದಿಲ್ಲ. ಅವರನ್ನು ಕೂಡಲೇ ಮುಟ್ಟಬಹುದು. ಇನ್ನೂ ಸಿಡಿಲಿನ ಅಪಾಯವಿದ್ದರೆ ಸುರಕ್ಷಿತ ಜಾಗಕ್ಕೆ ಸಾಗಿಸಿ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಮತ್ತು ಉಸಿರಾಟ ಇಲ್ಲದಿದ್ದರೆ ಹಿರಿಯರು ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಬೇಕು. ಹರಿದುಬಿದ್ದ ಕರೆಂಟಿನ ತಂತಿಯ ವಿಷಯ ಬೇರೆ: ಅದಕ್ಕೆ ವಿದ್ಯುತ್ ಬರುತ್ತಲೇ ಇರಬಹುದು, ಆದ್ದರಿಂದ ತಂತಿಯನ್ನಾಗಲಿ ಅದಕ್ಕೆ ತಗುಲಿದವರನ್ನಾಗಲಿ ಮುಟ್ಟಲೇಬಾರದು. ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲಿನಲ್ಲಿ ಬರೆಸಿದೆ.

ಸಹಪಾಠಿಗಳಿಗೆ ಸಲಹೆ

ಕರಾವಳಿಯ ಶಾಲೆಯಲ್ಲಿ ಈ ಪಾಠವನ್ನು ಜುಲೈ–ಆಗಸ್ಟ್ ಮಳೆಯಲ್ಲಿ ಇಟ್ಟುಕೊಳ್ಳಬೇಡಿ. ಡಿಸೆಂಬರ್–ಜನವರಿಯಲ್ಲಿ ಪ್ರಯೋಗಗಳು ಚೆನ್ನಾಗಿ ನಡೆಯುತ್ತವೆ. ಏಪ್ರಿಲ್–ಮೇ ಸಂಜೆಗಳ ಗುಡುಗು ಶುರುವಾಗುವ ಮೊದಲೇ, ಸಿಡಿಲು ಬಡಿದವರನ್ನು ಮುಟ್ಟಬಹುದು ಎಂಬ ಮಾತು ಮಕ್ಕಳ ಮೂಲಕ ಮನೆಗಳಿಗೂ ತಲುಪಿರುತ್ತದೆ.