ಮುಖವಲ್ಲ, ಕಾಲು ನೋಡಿ

ಬೆಂಗಳೂರಿನಿಂದ ಪುಣೆಗೆ ಹೆದ್ದಾರಿಯಲ್ಲಿ ಸುಮಾರು 840 ಕಿಲೋಮೀಟರ್. ಕಾರಿನವರು ನಸುಕಿಗೆ ಹೊರಟರೆ ರಾತ್ರಿ ಊಟಕ್ಕೆ ಅಲ್ಲಿರುತ್ತಾರೆ. ಕುದುರೆ ಜೊತೆಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ. ಫ್ಲೋಟ್ ಎಂದು ನಾವು ಕರೆಯುವ ಕುದುರೆ ವ್ಯಾನು ಗಂಟೆಗೆ ಐವತ್ತರ ಆಸುಪಾಸಿನಲ್ಲಿ ಸಾಗಬೇಕು, ನಡುನಡುವೆ ನಿಲ್ಲಬೇಕು. ಅರ್ಧ ದಾರಿಯಾದ ಹುಬ್ಬಳ್ಳಿಯಲ್ಲೋ ಇನ್ನೊಂದಿಷ್ಟು ಮುಂದೆ ಬೆಳಗಾವಿಯಲ್ಲೋ ಕುದುರೆಯನ್ನು ಇಳಿಸಿ ರಾತ್ರಿ ಕಳೆಯಬೇಕು. ಸವಾರಿ ಶಾಲೆಯೊಂದರ ಲಾಯ ನೋಡಿಕೊಳ್ಳುವ ನಾನು ಸ್ಪರ್ಧೆಗಳಿಗೆಂದು ಈ ದಾರಿಯಲ್ಲಿ ಹಲವು ಕುದುರೆಗಳ ಜೊತೆ ಓಡಾಡಿದ್ದೇನೆ. ಅವುಗಳಲ್ಲಿ ನನಗೆ ಹೆಚ್ಚು ಕಲಿಸಿದವಳು ಚಂಪಾ.

ರೇಸ್ ಬಿಟ್ಟು ನಮ್ಮಲ್ಲಿಗೆ ಬಂದ ಕಂದು ಬಣ್ಣದ ಥರೋಬ್ರೆಡ್ ಅವಳು. ಮೈದಾನದಲ್ಲಿ ಪುಟ್ಟ ಮಕ್ಕಳನ್ನು ಹೊತ್ತು ತಿರುಗುವಷ್ಟು ಸೌಮ್ಯ. ವ್ಯಾನಿನ ಇಂಜಿನ್ ಶುರುವಾಯಿತೆಂದರೆ ಕಿವಿಯ ಹಿಂದೆ, ಪಕ್ಕೆಯ ಮೇಲೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಹೊಳ್ಳೆ ಅರಳಿಸಿ ಕೆನೆಯುವಳು, ಮುಂಗಾಲಿನಿಂದ ನೆಲ ಕೆರೆಯುವಳು. ತಿರುವು ಬಂದರಂತೂ ಹಿಂಗಾಲುಗಳು ತಡಬಡಾಯಿಸಿ ಮರದ ಹಲಗೆಗೆ ಲಾಳ ಬಡಿಯುವ ಸದ್ದು ಡ್ರೈವರ್ ಕ್ಯಾಬಿನ್‌ವರೆಗೂ ಕೇಳಿಸುತ್ತಿತ್ತು. ವ್ಯಾನು ಕಂಡರೆ ಅವಳಿಗೆ ಆಗದು, ಚುಚ್ಚುಮದ್ದು ಕೊಡಿಸಿಬಿಡಿ ಎಂದು ತಿಳಿದವರೂ ಹೇಳಿದರು.

ನಮ್ಮ ಲಾಯದ ಹಿರಿಯ ಸೈಸ್ ಒಬ್ಬರು, ಎಲ್ಲರಿಗೂ ಅವರು ಚಾಚಾ. ವ್ಯಾನನ್ನು ಅಂಗಳದಲ್ಲೇ ಮೆಲ್ಲಗೆ ಒಂದು ಸುತ್ತು ಹೊಡೆಸಿ, ಪಕ್ಕದ ಕಿಂಡಿಯಿಂದ ಅವಳನ್ನೇ ನೋಡುತ್ತಾ ಬಂದರು. "ಸಾರ್, ಅವಳ ಮುಖ ನೋಡಬೇಡಿ, ಕಾಲು ನೋಡಿ. ಬಸ್ಸಲ್ಲಿ ನಾವೇ ಕಾಲು ಜೋಡಿಸ್ಕೊಂಡು ನಿಂತ್ರೆ ಬೀಳಲ್ವಾ?" ಅಂದರು.

ನೋಡಿದೆ. ನಡುವಿನ ಅಡ್ಡಹಲಗೆ ಮೇಲಿಂದ ನೆಲದವರೆಗೂ ಇಳಿದಿತ್ತು. ವ್ಯಾನು ತಿರುಗಿದಾಗ ಮೈ ವಾಲುತ್ತದೆ. ವಾಲಿದ ಕಡೆಗೆ ಕಾಲು ಅಗಲಿಸಿ ಊರಿಕೊಳ್ಳಬೇಕು. ಅವಳು ಅಗಲಿಸಲು ಹೋದಾಗಲೆಲ್ಲ ಗೊರಸು ಹಲಗೆಗೆ ತಾಗುತ್ತಿತ್ತು, ಗಾಬರಿಯಿಂದ ಮತ್ತೆ ಮತ್ತೆ ಒದೆಯುತ್ತಿದ್ದಳು. ಹಲಗೆಯ ಕೆಳಭಾಗ ತೆಗೆಸಿ, ಅವಳಿಗೆ ಒಂದೂವರೆ ಕುದುರೆಯ ಜಾಗ ಬಿಟ್ಟು, ನೆಲಕ್ಕೆ ದಪ್ಪ ರಬ್ಬರ್ ಹಾಸಿದೆವು. ಮುಂದಿನ ಸುತ್ತಿನಲ್ಲಿ ಹಿಂಗಾಲುಗಳನ್ನು ಮಾರುದ್ದ ಅಗಲಿಸಿ ನಿಂತಳು. ಬೆವರು ಪೂರ್ತಿ ನಿಲ್ಲಲಿಲ್ಲ, ಆದರೆ ಒದೆತ ನಿಂತಿತು. ಅಂಜುವ ಕುದುರೆಗಳಲ್ಲಿ ಬಹಳಷ್ಟು ವ್ಯಾನಿಗಲ್ಲ, ಬೀಳುವುದಕ್ಕೆ ಅಂಜುತ್ತವೆ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಆಗ.

ಹಾಗಾಗಿಯೇ ಶಮನದ ಔಷಧಿ ಎಂದರೆ ನಾನು ಹಿಂಜರಿಯುತ್ತೇನೆ. ಕುದುರೆಗಳಿಗೆ ಸಾಮಾನ್ಯವಾಗಿ ಕೊಡುವ ಅಸಿಪ್ರೊಮಜಿನ್ ರಕ್ತದೊತ್ತಡ ಇಳಿಸುತ್ತದೆ, ಕಾಲಿನ ಹಿಡಿತವನ್ನೂ ಸಡಿಲಿಸುತ್ತದೆ. ಬಿದ್ದೇನೆಂದು ಹೆದರುವ ಪ್ರಾಣಿಗೆ ನಿಲ್ಲುವ ಶಕ್ತಿಯನ್ನೇ ಕಡಿಮೆ ಮಾಡಿದಂತಾಯಿತು. ಸ್ಪರ್ಧೆಗೆ ಹೊರಟ ಕುದುರೆಯಾದರೆ ಅದು ನಿಷಿದ್ಧ ಮದ್ದು ಕೂಡ. ಬೇಕೇ ಬೇಕು ಎನ್ನುವ ಸಂದರ್ಭವಿದ್ದರೆ ಅದನ್ನು ಪಶುವೈದ್ಯರೇ ಕುದುರೆಯನ್ನು ಕಂಡು ಹೇಳಬೇಕು.

ಔಷಧಿಗಿಂತ ಡ್ರೈವರ್ ದೊಡ್ಡವನು. ನಿಂತ ಕುದುರೆಯ ಮೈಭಾರದಲ್ಲಿ ಶೇ. 60ರಷ್ಟು ಮುಂಗಾಲುಗಳ ಮೇಲೆಯೇ ಇರುತ್ತದೆ. ಗಕ್ಕನೆ ಬ್ರೇಕ್ ಒತ್ತಿದರೆ ಉಳಿದದ್ದೂ ಅಲ್ಲಿಗೇ ನುಗ್ಗುತ್ತದೆ. ಹೊಸ ಡ್ರೈವರ್ ಬಂದರೆ ನಾವು ಮೊದಲು ಅವನನ್ನೇ ಅಂಗಳದಲ್ಲಿ ಖಾಲಿ ವ್ಯಾನಿನ ಹಿಂದೆ ನಿಲ್ಲಿಸುತ್ತೇವೆ. ಏನನ್ನೂ ಹಿಡಿದುಕೊಳ್ಳದೆ ನಿಲ್ಲಬೇಕು. ನಡಿಗೆಯ ವೇಗದಲ್ಲಿ ಒಂದೆರಡು ತಿರುವು, ಒಂದು ಬ್ರೇಕ್. ಇಳಿದ ಮೇಲೆ ಅವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳ ಹಂಪುಗಳಿಗೆ ಬೋರ್ಡೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಕೂತವರ ಕಣ್ಣೂ ರಸ್ತೆಯ ಮೇಲಿರಬೇಕು.

ಊಟಿಗೆ ಹೋಗುವಾಗ ಕಷ್ಟ ಬೇರೆ ಥರದ್ದು. ಬಿಸಿಲಿಳಿದ ಮೇಲೆ ತಂಪಿನಲ್ಲಿ ಹೋಗೋಣವೆಂದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಮುಚ್ಚಿರುತ್ತದೆ. ನಾವು ಗೇಟು ತೆಗೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಟು, ಗೂಡಲೂರಿನ ಬಳಿ ಒಂದು ಗಂಟೆ ನಿಂತು, ಆಮೇಲೆ ಘಾಟಿ ಹತ್ತುತ್ತೇವೆ.

ಹೊರಡುವುದಕ್ಕೆ ಕೆಲವು ವಾರ ಮೊದಲೇ ಕೆಲಸ ಶುರುವಾಗಬೇಕು. ಚಂಪಾಳಿಗೆ ಸಂಜೆಯ ಹುರುಳಿಯನ್ನು ನಿಂತ ವ್ಯಾನಿನೊಳಗೇ ಕೊಟ್ಟೆವು. ಆಮೇಲೆ ಇಂಜಿನ್ ಹಾಕಿ ಕೊಟ್ಟೆವು. ಆಮೇಲೆ ಬಡಾವಣೆಯ ಸುತ್ತ ಒಂದು ಸುತ್ತು, ವಾಪಸ್ ಮನೆಗೆ. ವ್ಯಾನು ಹತ್ತಿದಾಗಲೆಲ್ಲ ದೂರದ ಊರು, ದುಡಿಮೆ ಎಂದೇ ಆದರೆ ಯಾವ ಕುದುರೆ ಖುಷಿಯಿಂದ ಹತ್ತೀತು? ಪಕ್ಕದಲ್ಲಿ ಅವಳಿಗೆ ಪರಿಚಯದ ಮುದಿ ಗಂಡುಕುದುರೆ ಇದ್ದರೆ ಅರ್ಧ ಚಿಂತೆ ಕಳೆಯುತ್ತಿತ್ತು. ಜೊತೆ ಇಲ್ಲದ ದಿನ ಒಡೆಯದ ಅಕ್ರಿಲಿಕ್ ಕನ್ನಡಿ ಕಟ್ಟಿದ್ದೂ ಉಂಟು. ಕನ್ನಡಿಯಿದ್ದಾಗ ಒಂಟಿ ಕುದುರೆಗಳು ಹಿಂತಿರುಗಿ ನೋಡುವುದು ಕಡಿಮೆಯಾಗಿ, ಮೇವು ತಿನ್ನುವುದು ಹೆಚ್ಚಾಗುತ್ತದೆಂದು ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ಬರೆದಿದ್ದಾರೆ. ನಮ್ಮವಳು ಮೊದಲು ಮೂಸಿ ನೋಡಿದಳು, ಆಮೇಲೆ ಅದರ ಕಡೆ ತಿರುಗಿಕೊಂಡೇ ಹುಲ್ಲು ತಿಂದಳು.

ತಲೆಯ ಹಗ್ಗದ ವಿಷಯವನ್ನು ಎಷ್ಟು ಹೇಳಿದರೂ ಸಾಲದು. ಅಂಜುವ ಕುದುರೆಯನ್ನು ಗಿಡ್ಡಗೆ, ತಲೆ ಎತ್ತಿಸಿ ಕಟ್ಟಬೇಕೆಂದು ಎಲ್ಲರಿಗೂ ಅನಿಸುತ್ತದೆ. ಕುದುರೆ ಬಾಯಿಂದ ಉಸಿರಾಡಲಾರದು. ಮೂಗಿನಿಂದ ಒಳಹೋದ ಧೂಳು, ಕಫ ಹೊರಬರಬೇಕಾದರೆ ತಲೆ ತಗ್ಗಬೇಕು. ಗಂಟೆಗಟ್ಟಲೆ ತಗ್ಗಿಸಲು ಬಿಡದಿದ್ದರೆ ರೋಗಾಣುಗಳು ಶ್ವಾಸಕೋಶಕ್ಕಿಳಿಯುತ್ತವೆ. ಶಿಪ್ಪಿಂಗ್ ಫೀವರ್ ಎನ್ನುವ ಪ್ರಯಾಣದ ಜ್ವರ ಬರುವುದು ಹೀಗೆ, ಅದು ಪ್ರಾಣಕ್ಕೂ ಎರವಾಗಬಹುದು. ಆದ್ದರಿಂದ ಹಗ್ಗ ಆದಷ್ಟು ಉದ್ದ, ಕಾಲಿಗೆ ಸಿಕ್ಕದಷ್ಟು. ಹುಲ್ಲಿಗೆ ನೀರು ಚಿಮುಕಿಸಿ ಧೂಳು ಕೂರಿಸಿ ಕೊಡಬೇಕು. ಮೂರ್ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲದ ಮೇಲೆಯೇ ಇಟ್ಟು ಕುಡಿಸಬೇಕು. ಊರು ಬದಲಾದ ನೀರನ್ನು ಚಂಪಾ ಮೂಸಿ ಬಿಟ್ಟುಬಿಡುತ್ತಿದ್ದಳು. ನೀರು ಕುಡಿಯದ ಕುದುರೆಗೆ ಹೊಟ್ಟೆಶೂಲೆ ಹತ್ತಿರ. ಹೊರಡುವ ವಾರದಿಂದಲೇ ಅವಳ ನೀರಿಗೆ ಚೂರು ಬೆಲ್ಲ ಕರಗಿಸಿದೆವು, ದಾರಿಯಲ್ಲೂ ಅದೇ ಬೆಲ್ಲ. ಹಿರಿಯೂರಿನ ನೀರೂ ಮನೆಯ ನೀರಿನಂತೆಯೇ ಇಳಿಯಿತು.

ಪಶುವೈದ್ಯರ ಪ್ರಮಾಣಪತ್ರ ಪ್ರಾಣಿ ಸಾಗಣೆಯ 1978ರ ನಿಯಮಗಳ ಪ್ರಕಾರ ಬೇಕೇ ಬೇಕು. ಅದನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಕಾಗದ ಹುಡುಕುತ್ತ ಕೂತರೆ ಹಿಂದೆ ನಿಂತ ವ್ಯಾನು ಕಾದು ಕೆಂಡವಾಗುತ್ತದೆ.

ಗಲಾಟೆ ಮಾಡುವ ಕುದುರೆಗಿಂತ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ದಾರಿಯಲ್ಲಿ ತೆಪ್ಪಗಾಗಿಬಿಡುವ ಕುದುರೆ. ಹುಲ್ಲು ಮುಟ್ಟದೆ, ಕಿವಿ ಜೋತುಬಿಟ್ಟು ನಿಂತದ್ದನ್ನು ಕಂಡು "ಪಾಪ, ಅಡ್ಜಸ್ಟ್ ಆಗಿದೆ" ಎನ್ನುವವರಿದ್ದಾರೆ. ಅದು ಬಳಲಿಕೆ ಇರಬಹುದು, ಜ್ವರವೂ ಇರಬಹುದು. ತಿನ್ನುವ, ಲದ್ದಿ ಹಾಕುವ, ಸದ್ದಿಗೆ ಕಿವಿ ತಿರುಗಿಸುವ ಕುದುರೆಯೇ ಶಾಂತವಾದ ಕುದುರೆ.

ಪುಣೆ ಮುಟ್ಟಿದ ಮೇಲೂ ಮೂರು ದಿನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಡುತ್ತೇನೆ. 38.5 ಡಿಗ್ರಿ ಸೆಲ್ಸಿಯಸ್‌ವರೆಗೆ ಸರಿ. ಮೊದಲ ದಿನ ಬರೀ ಕೈಹಿಡಿದು ನಡೆಸುವುದು, ಜೀನು ಹಾಕುವಂತಿಲ್ಲ. ಇಷ್ಟು ದೂರ ಬಂದಿದ್ದೇವೆ, ಸ್ವಲ್ಪವಾದರೂ ಅಭ್ಯಾಸ ಮಾಡಲಿ ಎಂದು ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ. ಅವರ ಆತುರ ನನಗೆ ಅರ್ಥವಾಗುತ್ತದೆ; ಆದರೂ ಥರ್ಮಾಮೀಟರ್ 39 ತೋರಿಸಿದರೆ ಸ್ಪರ್ಧೆಯ ಪಟ್ಟಿಯಿಂದ ಹೆಸರು ತೆಗೆಸಿ ವೈದ್ಯರಿಗೆ ಫೋನ್ ಮಾಡುತ್ತೇನೆ.