ಪಿಜಿ ಸೀಟಿನ ಲೆಕ್ಕ

ಡಾಲರ್ ಆಸೆಗೆ ಡಾಕ್ಟರುಗಳು ದೇಶ ಬಿಡುತ್ತಾರೆ ಎನ್ನುವವರು ಒಮ್ಮೆ ಖಾಸಗಿ ಕಾಲೇಜಿನ ಪಿಜಿ ಶುಲ್ಕದ ಪಟ್ಟಿ ನೋಡಬೇಕು. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿ ಪರಿಶೀಲಿಸುತ್ತಿದ್ದ ನನಗೆ ಅವು ಚಿರಪರಿಚಿತ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ರೇಡಿಯಾಲಜಿಯಂಥ ಸೀಟು ಮೂರು ವರ್ಷಕ್ಕೆ ಕೋಟಿ ದಾಟುವುದು ಅಪರೂಪವೇನಲ್ಲ. ಸರ್ಕಾರಿ ಸೀಟು ಅಗ್ಗ, ಸರಿ. ಆದರೆ ನೀಟ್ ಪಿಜಿ ಬರೆಯುವವರೇ ಎರಡು ಲಕ್ಷಕ್ಕೂ ಹೆಚ್ಚು.

ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿದ ನನ್ನ ಅಕ್ಕನ ಮಗಳು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದಳು: "ಮಾಮ, ಇಲ್ಲಿ ಕಲಿಯೋಕೆ ನಾವು ರೊಕ್ಕ ಕೊಡಬೇಕು. ಅಲ್ಲಿ ಕಲೀತಿದ್ರೆ ಅವ್ರೇ ಕೊಡ್ತಾರೆ." ಇಲ್ಲೂ ಪಿಜಿಗೆ ಸ್ಟೈಪೆಂಡ್ ಇದೆ, ಆದರೆ ಖಾಸಗಿ ಶುಲ್ಕದ ಎದುರು ಅದು ಯಾವ ಲೆಕ್ಕ? ಅಮೆರಿಕದಲ್ಲಿ ಪಿಜಿಗೆ ಸಮನಾದ ರೆಸಿಡೆನ್ಸಿ ಸಂಬಳದ ಕೆಲಸ. ಮೊದಲ ವರ್ಷವೇ ಸಾಮಾನ್ಯವಾಗಿ 60 ಸಾವಿರ ಡಾಲರಿಗೂ ಹೆಚ್ಚು.

ಬ್ರಿಟನ್ನಿನ ದಾರಿಗೆ ಖರ್ಚು ಕಡಿಮೆ. ವಿದೇಶಿ ವೈದ್ಯರಿಗಾಗಿ ಅಲ್ಲಿ ನಡೆಸುವ ಪ್ಲ್ಯಾಬ್ ಪರೀಕ್ಷೆಯ ಎರಡನೇ ಭಾಗಕ್ಕೆ ಮ್ಯಾಂಚೆಸ್ಟರಿಗೆ ಹೋಗಿಬಂದರಾಯಿತು. ಆದರೆ 2025ರಲ್ಲಿ ಅಲ್ಲಿ ಸುಮಾರು 10 ಸಾವಿರ ತಜ್ಞ ತರಬೇತಿ ಹುದ್ದೆಗೆ 30 ಸಾವಿರಕ್ಕೂ ಹೆಚ್ಚು ಅರ್ಜಿದಾರರಿದ್ದರು. ಹಾಗಾಗಿ ಇವಳು ಹಿಡಿದದ್ದು ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ.

ಮನೆಯವರು ಗಮನಿಸಬೇಕಾದದ್ದು ಇಲ್ಲಿದೆ. ಪರೀಕ್ಷಾ ಶುಲ್ಕ, ಅಮೆರಿಕದ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಅಬ್ಸರ್ವರ್‌ಶಿಪ್, ಅಷ್ಟು ದಿನದ ಬಾಡಿಗೆ, ಊಟ, ವಿಮಾನ ಎಲ್ಲ ಕೂಡಿದರೆ ಹತ್ತು ಲಕ್ಷ ಸುಲಭವಾಗಿ ಮುಟ್ಟುತ್ತದೆ. ಶಿಕ್ಷಣ ಸಾಲ ಕೊಡಲು ನಾವು ಕೇಳುತ್ತಿದ್ದದ್ದು ಕೋರ್ಸಿನ ಪ್ರವೇಶ ಪತ್ರ. ಬರೀ ಪರೀಕ್ಷೆ ಬರೆಯಲು ಹೊರಟವರಿಗೆ ಅದೆಲ್ಲಿ ಸಿಗಬೇಕು? ಕೊನೆಗೆ ಅಕ್ಕ ಬಂಗಾರ ಅಡವಿಟ್ಟಳು. ಬಂಗಾರದ ಸಾಲಕ್ಕೆ ಓದು ಮುಗಿಯುವವರೆಗೆ ಕಂತಿನ ವಿನಾಯಿತಿ ಇರುವುದಿಲ್ಲ, ಶಿಕ್ಷಣ ಸಾಲಕ್ಕಿರುವ ಆದಾಯ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ. ಇಷ್ಟಾಗಿಯೂ ಸೀಟು ಖಚಿತವಲ್ಲ: ರೆಸಿಡೆನ್ಸಿ ಸೀಟು ಹಂಚುವ 2025ರ ಮ್ಯಾಚ್‌ನಲ್ಲಿ ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರ ಪೈಕಿ ಜಾಗ ಸಿಕ್ಕಿದ್ದು ನೂರಕ್ಕೆ 58 ಮಂದಿಗೆ. ಉಳಿದವರ ಮನೆಯ ಬಡ್ಡಿ ಓಡುತ್ತಲೇ ಇರುತ್ತದೆ.

ಇವಳಿಗೆ ಸಿಕ್ಕಿತು. ಜೆ-1 ವೀಸಾ. ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು, ಇಲ್ಲವೇ ಅಲ್ಲೇ ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿದು ವಿನಾಯಿತಿ ಪಡೆಯಬೇಕು. ನಮ್ಮ ರಾಜ್ಯದಲ್ಲಿ ಕಡ್ಡಾಯವಾಗಿದ್ದ ಒಂದು ವರ್ಷದ ಗ್ರಾಮೀಣ ಸೇವೆಯ ವಿರುದ್ಧ ಹೈಕೋರ್ಟಿಗೆ ಹೋದ ವಿದ್ಯಾರ್ಥಿಗಳನ್ನು ಬಲ್ಲ ನನಗೆ ನಗು ಬಂತು. ಅವಳು ನಗಲಿಲ್ಲ. ಅಲ್ಲಿನ ಹಳ್ಳಿಯಲ್ಲೂ ತಜ್ಞರಿಗೆ ಪೂರ್ತಿ ಸಂಬಳ, ಕೈಗೆಟಕುವಂತೆ ಸ್ಕ್ಯಾನಿಂಗ್, ಲ್ಯಾಬ್ ಇರುತ್ತವಂತೆ.

ಬಂಗಾರ ಬಿಡಿಸಿಕೊಂಡಾಯಿತು. ಈಗ ದಾವಣಗೆರೆಯಲ್ಲಿ ಸೈಟು ಕೊಳ್ಳಲು ಸಾಲ ಮಾಡಲೇ ಎಂದು ಅಕ್ಕನ ಮಗಳು ಕೇಳುತ್ತಾಳೆ. ಎಲ್ಲಿ ನೆಲೆಸುವುದೆಂದು ಗೊತ್ತಾಗುವ ತನಕ ಇಎಂಐ ಬೇಡ, ಆರು ತಿಂಗಳ ಖರ್ಚಿನಷ್ಟು ಅಲ್ಲೇ ಉಳಿಸು ಎಂದಿದ್ದೇನೆ. ಅಕ್ಕ ಆಗಲೇ ಎರಡು ಸೈಟು ನೋಡಿ ಬಂದಿದ್ದಾಳೆ.