ಎಡಿಟಿಂಗ್ ಮಾಡುವಾಗ ವಿಡಿಯೋ ತಡೆತಡೆದು ಓಡುವುದೇಕೆ? ನಿವಾರಣೆ ಹೇಗೆ?

ಬೇಸಾಯದ ಹೊಸ ಕ್ರಮವೊಂದನ್ನು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಲ ಕಣ್ಣಿಗೆ ತೋರಿಸುವುದು ಲೇಸೆಂಬುದು ವಿಸ್ತರಣಾ ಕಾರ್ಯಕರ್ತರೆಲ್ಲರ ಅನುಭವ. 1975-76ರಲ್ಲಿ ಉಪಗ್ರಹದ ಮೂಲಕ ನಡೆದ ‘ಸೈಟ್’ ದೂರದರ್ಶನ ಪ್ರಯೋಗದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆ ಕಾಲದಲ್ಲಿ ಚಿತ್ರ ತಯಾರಿಸುವುದು ಸ್ಟುಡಿಯೋದವರಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಈಗ ಹಾಗಿಲ್ಲ. ಜೇಬಿನಲ್ಲಿರುವ ಫೋನಿನಿಂದಲೇ ಫುಲ್ ಎಚ್‌ಡಿ ಚಿತ್ರ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಸಂಘದ ಸಭೆಯಲ್ಲಿ ತೋರಿಸುವ ರೈತರು ಅನೇಕರಿದ್ದಾರೆ.

ಇಂಥವರು ಮತ್ತೆ ಮತ್ತೆ ಹೇಳುವ ತೊಂದರೆ ಒಂದಿದೆ. ಫೋನಿನಲ್ಲಿ ನೀರಿನಂತೆ ಓಡುವ ಚಿತ್ರ, ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದೊಡನೆ ನಿಂತು ನಿಂತು ಓಡುತ್ತದೆ. ಧ್ವನಿ ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಎಲ್ಲಿ ಕತ್ತರಿಸಬೇಕೆಂಬುದೇ ತಿಳಿಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮುಂಗಾರಿಗೆ ಮುಂಚೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಚಿತ್ರೀಕರಿಸಿದ ಬೆಳೆಗಾರರೊಬ್ಬರು, ಹೀಗೆ ತಡೆತಡೆದು ಓಡಿದ ಚಿತ್ರವನ್ನು ಕಂಡು ‘ಕ್ಯಾಮೆರಾ ಕೆಟ್ಟಿದೆ, ತೆಗೆದದ್ದೆಲ್ಲ ಹಾಳಾಯಿತು’ ಎಂದು ತಿಳಿದು ಎಲ್ಲವನ್ನೂ ಅಳಿಸಿಬಿಟ್ಟರು. ಮತ್ತೆ ತೆಗೆಯೋಣವೆಂದರೆ ಮಳೆ ಹಿಡಿದಿತ್ತು, ಸಿಂಪಡಣೆಯೂ ಮುಗಿದಿತ್ತು. ಒಂದು ವರ್ಷ ಕಾಯಬೇಕಾಯಿತು. ವಿಚಾರಿಸಿ ನೋಡಿದರೆ ಕ್ಯಾಮೆರಾದಲ್ಲಾಗಲಿ ಚಿತ್ರದಲ್ಲಾಗಲಿ ದೋಷವೇನೂ ಇದ್ದಿರಲಿಲ್ಲ. ಇನ್ನು ಕೆಲವರು ಇದೇ ತೊಂದರೆಗೆ ಹೊಸ ಕಂಪ್ಯೂಟರ್ ಕೊಳ್ಳಲು ಸಾಲ ಮಾಡುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಅನಾವಶ್ಯಕ.

ತೊಂದರೆಯ ಮೂಲ

ಫುಲ್ ಎಚ್‌ಡಿ ಚಿತ್ರದ ಒಂದೊಂದು ಫ್ರೇಮಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್ ಹಿಡಿದರೆ ಒಂದು ಫ್ರೇಮಿಗೆ ಸುಮಾರು 6.2 ಮೆಗಾಬೈಟ್ ಆಗುತ್ತದೆ. ಸೆಕೆಂಡಿಗೆ 30 ಫ್ರೇಮುಗಳಂತೆ ಒಂದು ನಿಮಿಷದ ಚಿತ್ರವನ್ನು ಹಾಗೆಯೇ ಇಟ್ಟರೆ 11 ಗಿಗಾಬೈಟಿಗೂ ಹೆಚ್ಚು ಜಾಗ ಬೇಕು. ಆದರೆ ಫೋನಿನಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿ ಫೈಲು ಸಾಮಾನ್ಯವಾಗಿ 60ರಿಂದ 150 ಮೆಗಾಬೈಟ್ ಮಾತ್ರ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಇದನ್ನು ಮನೆಯ ಜಮಾಖರ್ಚಿನ ಪುಸ್ತಕಕ್ಕೆ ಹೋಲಿಸಬಹುದು. ತಿಂಗಳ ಮೊದಲ ದಿನ ಕೈಯಲ್ಲಿರುವ ಹಣವನ್ನು ಪೂರ್ತಿ ಬರೆಯುತ್ತೇವೆ. ಆಮೇಲೆ ದಿನದಿನವೂ ಬಂದದ್ದು, ಹೋದದ್ದು ಮಾತ್ರ ಬರೆಯುತ್ತೇವೆ. ಹೀಗೆ ಬರೆದರೆ ಪುಸ್ತಕ ತೆಳ್ಳಗಿರುತ್ತದೆ. ಆದರೆ 27ನೆಯ ತಾರೀಖು ಕೈಯಲ್ಲಿ ಎಷ್ಟಿತ್ತೆಂದು ಯಾರಾದರೂ ಕೇಳಿದರೆ ಮೊದಲ ದಿನದಿಂದ ಕೂಡಿ ಕಳೆಯುತ್ತ ಬರಬೇಕು. ಫೋನುಗಳು ಬಳಸುವ ಎಚ್.264 ಮತ್ತು ಎಚ್.265 ಎಂಬ ಅಡಕ ವಿಧಾನಗಳೂ ಹೀಗೆಯೇ ಕೆಲಸ ಮಾಡುತ್ತವೆ. ಆಗೊಂದು ಈಗೊಂದು ಫ್ರೇಮನ್ನು ಪೂರ್ತಿಯಾಗಿ ಇಟ್ಟು, ನಡುವಿನ ಫ್ರೇಮುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದಿಡುತ್ತವೆ. ಕೆಲವು ಫ್ರೇಮುಗಳ ಲೆಕ್ಕಕ್ಕೆ ಹಿಂದಿನ ಫ್ರೇಮಲ್ಲದೆ ಮುಂದಿನದೂ ಬೇಕಾಗುತ್ತದೆ.

ಮೊದಲಿನಿಂದ ಕೊನೆಯವರೆಗೆ ನೇರವಾಗಿ ನೋಡುವಾಗ ಇದರಿಂದ ತೊಂದರೆಯಿಲ್ಲ. ಲೆಕ್ಕ ಸಾಲಾಗಿ ನಡೆದುಹೋಗುತ್ತದೆ. ಎಡಿಟಿಂಗ್ ಮಾಡುವವರಾದರೋ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ನಡುವಿಗೆ ಹಾರುತ್ತಾರೆ. ಪ್ರತಿ ಸಲವೂ ಕಂಪ್ಯೂಟರ್ ಹತ್ತಾರು ಫ್ರೇಮುಗಳ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಲೆಕ್ಕ ಮುಗಿಯುವಷ್ಟರಲ್ಲಿ ಆ ಫ್ರೇಮನ್ನು ತೋರಿಸುವ ಸಮಯ ದಾಟಿರುತ್ತದೆ. ತಂತ್ರಾಂಶವು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ನಮಗೆ ಕಾಣುವ ತಡವರಿಕೆ ಇದೇ.

2013ರಲ್ಲಿ ಬಂದ ಎಚ್.265, 2003ರ ಎಚ್.264ಗಿಂತ ಹೆಚ್ಚು ಬಿಗಿಯಾಗಿ ಅಡಕಮಾಡುತ್ತದೆ. ಆದುದರಿಂದ ಬಿಚ್ಚುವುದಕ್ಕೂ ಹೆಚ್ಚು ಶ್ರಮ ಬೇಕು. ಈ ಕೆಲಸಕ್ಕೆಂದೇ ಪ್ರತ್ಯೇಕ ಭಾಗವಿರುವ ಪ್ರೊಸೆಸರುಗಳಿವೆ. ಇಂಟೆಲ್ ಪ್ರೊಸೆಸರುಗಳಲ್ಲಿ ಎಚ್.264ಕ್ಕೆ 2011ರಿಂದಲೂ, ಎಚ್.265ಕ್ಕೆ 2015ರ ಆರನೆಯ ಪೀಳಿಗೆಯಿಂದಲೂ ಈ ಸೌಕರ್ಯ ಸಿಗುತ್ತದೆ. ಅದಕ್ಕೆ ಹಿಂದಿನ ಕಂಪ್ಯೂಟರಿನಲ್ಲಿ ಎಚ್.265 ಫೈಲು ಮುಗ್ಗರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮೊದಲು ಪತ್ತೆ, ಆಮೇಲೆ ಔಷಧಿ

ಎಲೆ ಹಳದಿಯಾದೊಡನೆ ಕಾರಣ ನೋಡದೆ ಯೂರಿಯಾ ಹಾಕುವಂತೆ, ಚಿತ್ರ ತಡೆಯಿತೆಂದು ಸಿಕ್ಕ ಸಿಕ್ಕ ಸೆಟ್ಟಿಂಗುಗಳನ್ನೆಲ್ಲ ಬದಲಿಸಬಾರದು. ಈ ಕೆಳಗಿನ ಪರೀಕ್ಷೆಗಳಿಗೆ ಹದಿನೈದು ನಿಮಿಷ ಸಾಕು.

ಮೂಲ ಫೈಲನ್ನು ಪೆನ್‌ಡ್ರೈವಿನಿಂದಾಗಲಿ ಫೋನಿನಿಂದಾಗಲಿ ನೇರವಾಗಿ ಓಡಿಸದೆ ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ವಿಎಲ್‌ಸಿಯಂತಹ ಸಾಮಾನ್ಯ ಪ್ಲೇಯರಿನಲ್ಲಿ ನೋಡಬೇಕು. ಅಲ್ಲಿ ಸರಾಗವಾಗಿ ಓಡಿದರೆ ಫೈಲು ಚೆನ್ನಾಗಿದೆ. ಎಡಿಟಿಂಗ್ ತಂತ್ರಾಂಶದ ಹೊರೆಯೇ ಕಾರಣ. ಅಲ್ಲಿಯೂ ತಡೆದರೆ ಅದೇ ಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿ ನೋಡಬೇಕು. ಎರಡು ಕಡೆಯೂ ಒಂದೇ ಜಾಗದಲ್ಲಿ ತಡೆದರೆ ಮಾತ್ರ ಚಿತ್ರೀಕರಣದಲ್ಲಿಯೇ ದೋಷವಾಗಿದೆಯೆಂದು ತಿಳಿಯಬಹುದು.

ಇದಾದ ಮೇಲೆ ಎಡಿಟಿಂಗ್ ತಂತ್ರಾಂಶದಲ್ಲಿ ಚಿತ್ರ ಓಡಿಸುತ್ತಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ಸಿಪಿಯು ನೂರರ ಹತ್ತಿರವಿದ್ದರೆ ಅಡಕ ಬಿಚ್ಚುವ ಕೆಲಸವೇ ಭಾರವಾಗಿದೆ. ಡಿಸ್ಕ್ ನೂರರ ಹತ್ತಿರವಿದ್ದರೆ ಫೈಲು ಸಕಾಲಕ್ಕೆ ಬಂದು ತಲುಪುತ್ತಿಲ್ಲ. ಮೆಮೊರಿ ತುಂಬಿದ್ದರೆ ಬ್ರೌಸರ್ ಮೊದಲಾದುವನ್ನು ಮುಚ್ಚಿ ನೋಡಬೇಕು. 4 ಗಿಗಾಬೈಟ್ ಮೆಮೊರಿಯ ಕಂಪ್ಯೂಟರಿನಲ್ಲಿ ಬ್ರೌಸರನ್ನೂ ಎಡಿಟಿಂಗನ್ನೂ ಒಟ್ಟಿಗೆ ನಡೆಸುವ ಆಸೆ ಬೇಡ.

ಮೂರನೆಯ ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ತಡೆಯುತ್ತಿರುವ ಭಾಗದಲ್ಲಿ ಹತ್ತು ಸೆಕೆಂಡನ್ನು ಮಾತ್ರ ಆರಿಸಿ, ಅಂತಿಮ ಚಿತ್ರವಾಗಿ ಹೊರತೆಗೆದು ಪ್ಲೇಯರಿನಲ್ಲಿ ನೋಡಬೇಕು. ಅದು ಸರಾಗವಾಗಿದ್ದರೆ ನಿಮ್ಮ ಚಿತ್ರಕ್ಕೆ ಯಾವ ಧಕ್ಕೆಯೂ ಇಲ್ಲ. ಎಡಿಟಿಂಗ್ ಪರದೆಯಲ್ಲಿ ಕಾಣುವುದು ಮುನ್ನೋಟ ಮಾತ್ರ; ಕಂಪ್ಯೂಟರ್ ಅದನ್ನು ಗಡಿಯಾರದೊಡನೆ ಓಡುತ್ತ ತೋರಿಸಬೇಕು. ಹೊರತೆಗೆಯುವಾಗ ಅಂತಹ ಅವಸರವಿಲ್ಲ. ಒಂದು ಫ್ರೇಮಿಗೆ ಒಂದು ಸೆಕೆಂಡು ಹಿಡಿದರೂ ಅದನ್ನು ಮುಗಿಸಿಯೇ ಮುಂದಿನದಕ್ಕೆ ಹೋಗುತ್ತದೆ. ಮೇಲೆ ಹೇಳಿದ ಬೆಳೆಗಾರರು ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಪ್ರಾಕ್ಸಿ: ಮುಖ್ಯ ಪರಿಹಾರ

ಸಿಪಿಯು ಭಾರವೇ ಕಾರಣವೆಂದು ಕಂಡುಬಂದಲ್ಲಿ ಪ್ರಾಕ್ಸಿ ವಿಧಾನಕ್ಕಿಂತ ಉತ್ತಮವಾದುದಿಲ್ಲ. ಮೂಲ ಫೈಲಿನ ಒಂದು ಹಗುರ ಪ್ರತಿಯನ್ನು ಮಾಡಿಕೊಂಡು, ಕತ್ತರಿಸುವ ಜೋಡಿಸುವ ಕೆಲಸವನ್ನೆಲ್ಲ ಅದರ ಮೇಲೆ ನಡೆಸಿ, ಕೊನೆಗೆ ಚಿತ್ರ ಹೊರತೆಗೆಯುವಾಗ ಮೂಲ ಫೈಲನ್ನೇ ಬಳಸುವುದು ಇದರ ಕ್ರಮ. 960×540 ಅಳತೆಯ ಪ್ರಾಕ್ಸಿಯಲ್ಲಿ ಫ್ರೇಮಿಗೆ 5,18,400 ಬಿಂದುಗಳು, ಅಂದರೆ ಫುಲ್ ಎಚ್‌ಡಿಯ ಕಾಲು ಭಾಗ. ಅದರಲ್ಲಿಯೂ ಪ್ರತಿ ಫ್ರೇಮನ್ನು ಪೂರ್ತಿಯಾಗಿ ಇಡುವ ಬಗೆಯನ್ನು ಆರಿಸಿದರೆ ಕೂಡಿ ಕಳೆಯುವ ಕೆಲಸವೇ ಉಳಿಯುವುದಿಲ್ಲ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಹೆಸರುಗಳಲ್ಲಿ ಕಾಣಸಿಗುವುವು ಇಂತಹವೇ. ಇವು ಹೆಚ್ಚು ಜಾಗ ತಿನ್ನುತ್ತವೆ, ಆದರೆ ಎಡಿಟಿಂಗ್ ಹಗುರವಾಗುತ್ತದೆ.

ಉಚಿತವಾಗಿ ಸಿಗುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ತಂತ್ರಾಂಶಗಳಲ್ಲಿ ಸೆಟ್ಟಿಂಗುಗಳ ಒಳಗೇ ಪ್ರಾಕ್ಸಿ ಸೌಕರ್ಯವಿದೆ. ಡಾವಿಂಚಿ ರಿಸಾಲ್ವ್ ಮತ್ತು ಹಣ ಕೊಟ್ಟು ಬಳಸುವ ಪ್ರೀಮಿಯರ್ ಪ್ರೊದಲ್ಲಿಯೂ ಇದೆ. ಒಮ್ಮೆ ಆಜ್ಞೆ ಕೊಟ್ಟರೆ ತಂತ್ರಾಂಶವು ತಾನೇ ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಇದಕ್ಕೆ ಬಹಳ ಹೊತ್ತು ಹಿಡಿಯಬಹುದು. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಬೆಳಿಗ್ಗೆಗೆ ಸಿದ್ಧವಾಗಿರುತ್ತದೆ. ನಡುವೆ ಕರೆಂಟು ಹೋಗದಿದ್ದರೆ! ಲ್ಯಾಪ್‌ಟಾಪ್ ತಾನಾಗಿ ನಿದ್ರೆಗೆ ಹೋಗದಂತೆ ಮೊದಲೇ ನೋಡಿಕೊಳ್ಳಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಪ್ರಾಕ್ಸಿ ಆಯಿತೆಂದು ಮೂಲ ಫೈಲನ್ನು ಅಳಿಸಕೂಡದು, ಹೆಸರು ಬದಲಿಸಕೂಡದು, ಬೇರೆ ಫೋಲ್ಡರಿಗೆ ಸರಿಸಲೂ ಕೂಡದು. ಇವೆರಡರ ಸಂಬಂಧ ತಪ್ಪಿದರೆ ಕೊನೆಗೆ ಮಸುಕಾದ ಚಿತ್ರ ಹೊರಬರುತ್ತದೆ, ಇಲ್ಲವೆ ‘ಫೈಲು ಸಿಗುತ್ತಿಲ್ಲ’ ಎಂಬ ಸೂಚನೆ ಬರುತ್ತದೆ. ಎರಡನೆಯದಾಗಿ, ಫೈಲು ಸಣ್ಣದಾಗಲೆಂದು ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿಕೊಂಡು ಅದನ್ನೇ ಎಡಿಟ್ ಮಾಡುವ ರೂಢಿ ಕೆಲವರಲ್ಲಿದೆ. ಇದು ಸರಿಯಲ್ಲ. ವಿಡಿಯೋ ಆಗಿ ಕಳುಹಿಸಿದಾಗ ವಾಟ್ಸಾಪು ಅದನ್ನು ಕುಗ್ಗಿಸುತ್ತದೆ. ಎಲೆಯ ಮೇಲಿನ ಜೇಡನುಸಿಯನ್ನು ತೋರಿಸಹೊರಟವರಿಗೆ ಕೊನೆಗೆ ಎಲೆಯಷ್ಟೇ ಉಳಿದೀತು. ಫೋನಿನಿಂದ ಕೇಬಲ್ ಮೂಲಕ ತೆಗೆದುಕೊಳ್ಳುವುದೇ ಒಳ್ಳೆಯದು.

ಇತರ ಕ್ರಮಗಳು

ಪ್ರಾಕ್ಸಿ ಮಾಡುವಷ್ಟು ಪುರುಸೊತ್ತಿಲ್ಲದಿದ್ದರೆ ಮುನ್ನೋಟದ ಗಾತ್ರವನ್ನು ಅರ್ಧಕ್ಕೋ ಕಾಲಿಗೋ ಇಳಿಸಬಹುದು. ಪರದೆಯಲ್ಲಿ ಚಿತ್ರ ಸ್ವಲ್ಪ ಮಸುಕಾಗುತ್ತದೆಯೇ ಹೊರತು ಅಂತಿಮ ಚಿತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅಡಕ ಬಿಚ್ಚುವ ಕೆಲಸ ಇದರಿಂದ ಅಷ್ಟಾಗಿ ಕಡಿಮೆಯಾಗದ ಕಾರಣ, ಎಚ್.265 ಫೈಲುಗಳಲ್ಲಿ ಗುಣ ಕಡಿಮೆ. ಬಣ್ಣ ತಿದ್ದುವುದು, ಅಕ್ಷರ ಹಾಕುವುದು, ಕೈನಡುಕ ಸರಿಪಡಿಸುವುದು ಮುಂತಾದ ಪರಿಣಾಮಗಳನ್ನು ಹಾಕಿದ ಭಾಗದಲ್ಲಿ ಮಾತ್ರ ಚಿತ್ರ ತಡೆಯುತ್ತಿದ್ದರೆ, ಅಷ್ಟು ಭಾಗವನ್ನು ಮೊದಲೇ ರೆಂಡರ್ ಮಾಡಿಕೊಂಡು ನೋಡಬಹುದು. ಕತ್ತರಿಸುವುದೆಲ್ಲ ಮುಗಿದ ಮೇಲೆಯೇ ಪರಿಣಾಮಗಳನ್ನು ಹಾಕುವುದು ಇನ್ನೂ ಜಾಣತನ.

ಡಿಸ್ಕಿನ ವಿಷಯ ಬೇರೆ. ಯುಎಸ್‌ಬಿ 2.0 ಕಿಂಡಿಯ ಮೂಲಕ ಕೆಲಸದಲ್ಲಿ ಸಿಗುವ ವೇಗ ಸೆಕೆಂಡಿಗೆ 30-40 ಮೆಗಾಬೈಟ್ ಮಾತ್ರ. ಫೋನಿನ ಒಂದು ಫೈಲಿಗೆ ಇದು ಧಾರಾಳ. ಅದೇ ಡಿಸ್ಕಿನಿಂದ ಎರಡು ಮೂರು ದೊಡ್ಡ ಫೈಲುಗಳನ್ನು ಓದುತ್ತ, ಅಲ್ಲಿಗೇ ಬರೆಯತೊಡಗಿದಾಗ ಸಾಲದಾಗುತ್ತದೆ. ಕೆಲಸದ ಫೈಲುಗಳು ಒಳಗಿನ ಡಿಸ್ಕಿನಲ್ಲಿರಲಿ, ಆ ಡಿಸ್ಕೂ ತುಂಬಿ ತುಳುಕದಿರಲಿ.

ಲ್ಯಾಪ್‌ಟಾಪ್ ಬಳಸುವವರು ಚಾರ್ಜರ್ ಹಾಕಿಯೇ ಎಡಿಟಿಂಗ್ ಮಾಡಬೇಕು. ಬ್ಯಾಟರಿಯ ಮೇಲೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿಯಾದಾಗಲೂ ಹಾಗೆಯೇ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡೆಯುವುದು ಇದರ ಗುರುತು. ಕಣದ ಪಕ್ಕದ ಮನೆಗಳಲ್ಲಿ ಒಕ್ಕಣೆಯ ದೂಳು ಫ್ಯಾನಿಗೆ ಕಟ್ಟಿಕೊಳ್ಳುವುದು ಸಾಮಾನ್ಯ. ಯಂತ್ರವನ್ನು ಪೂರ್ತಿ ಆರಿಸಿ ಮೆತ್ತನೆಯ ಕುಂಚದಿಂದ ಗಾಳಿಕಿಂಡಿಗಳನ್ನು ಶುಚಿಗೊಳಿಸಬೇಕು. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಬಾರದು.

ಪ್ರಾಕ್ಸಿಗೂ ಬಗ್ಗದ ತಡವರಿಕೆ

ಎಲ್ಲ ಮಾಡಿದರೂ, ಹೊರತೆಗೆದ ಚಿತ್ರದಲ್ಲಿಯೂ, ನಡೆಯುವ ಎತ್ತು ಲಯ ತಪ್ಪಿ ಜಗ್ಗಿದಂತೆ ಕಾಣುವುದುಂಟು. ಆಗ ಫ್ರೇಮುಗಳ ಲೆಕ್ಕವನ್ನು ನೋಡಬೇಕು. ಫೋನು ಸೆಕೆಂಡಿಗೆ 30 ಫ್ರೇಮು ತೆಗೆದಿದ್ದು, ತಂತ್ರಾಂಶದ ಪ್ರಾಜೆಕ್ಟು 25ಕ್ಕೆ ಹೊಂದಿಸಿದ್ದರೆ ಪ್ರತಿ ಆರರಲ್ಲಿ ಒಂದು ಫ್ರೇಮನ್ನು ಕೈಬಿಡಬೇಕಾಗುತ್ತದೆ. ಎಂತಹ ಕಂಪ್ಯೂಟರ್ ತಂದರೂ ಇದು ಹೋಗದು. ಪ್ರಾಜೆಕ್ಟನ್ನು ಮೊದಲೇ ಚಿತ್ರದ ದರಕ್ಕೆ ಹೊಂದಿಸಿಕೊಳ್ಳುವುದೇ ಮದ್ದು.

ಧ್ವನಿಯೂ ತುಟಿಯೂ ಬರಬರುತ್ತ ದೂರವಾಗುವುದು ಇನ್ನೊಂದು ಬಗೆ. ಅನೇಕ ಫೋನುಗಳು ಸಂಜೆ ಬೆಳಕು ಕಡಿಮೆಯಾದಾಗ ಫ್ರೇಮುಗಳನ್ನು ನಿಧಾನಗೊಳಿಸುತ್ತವೆ. ಹೀಗೆ ದರ ಏರಿಳಿಯುವ ಫೈಲನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಪರಿವರ್ತಿಸಿಕೊಂಡು, ಆ ಮೇಲೆ ಎಡಿಟಿಂಗಿಗೆ ತೆಗೆದುಕೊಳ್ಳಬೇಕು. ಶಾಟ್‌ಕಟ್, ಕೆಡೆನ್‌ಲೈವ್‌ಗಳು ಇಂತಹ ಫೈಲು ಕಂಡಾಗ ತಾವೇ ಪರಿವರ್ತನೆಗೆ ಕೇಳುತ್ತವೆ. ‘ಬೇಡ’ ಎನ್ನದಿರುವುದು ಕ್ಷೇಮ.

ಚಿತ್ರೀಕರಣಕ್ಕೆ ಮುನ್ನ

ಹಳೆಯ ಕಂಪ್ಯೂಟರ್ ಇರುವವರು ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 4ಕೆ ಬಿಟ್ಟು ಫುಲ್ ಎಚ್‌ಡಿ ಆರಿಸಿಕೊಳ್ಳಬೇಕು. 4ಕೆಯಲ್ಲಿ ಬಿಂದುಗಳು ನಾಲ್ಕು ಪಟ್ಟು. ಸಂಘದ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ತೋರಿಸುವ ಚಿತ್ರಕ್ಕೆ ಫುಲ್ ಎಚ್‌ಡಿಯೇ ಹೆಚ್ಚಾಯಿತು. ಎಚ್.265 ಆಯ್ಕೆಯನ್ನು ತೆಗೆದು ಎಚ್.264 ಇಟ್ಟುಕೊಳ್ಳಬೇಕು, ಐಫೋನಿನಲ್ಲಿ ಇದಕ್ಕೆ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಹೆಸರು. ಹೊಲಕ್ಕೆ ಹೋಗುವ ಹಿಂದಿನ ದಿನವೇ ಮನೆಯ ಅಂಗಳದಲ್ಲಿ ಒಂದು ನಿಮಿಷದ ಚಿತ್ರ ತೆಗೆದು, ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಹೊರತೆಗೆದು ನೋಡಿರಬೇಕು.

ಇಷ್ಟಾದ ಮೇಲೂ ಹಣ ಹಾಕಲೇಬೇಕೆಂದಿದ್ದರೆ, ಹಳೆಯ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು, ಮೆಮೊರಿಯನ್ನು 8 ಗಿಗಾಬೈಟಿಗೆ ಏರಿಸುವುದು ಮೊದಲ ಖರ್ಚಾಗಲಿ. ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಾಗಲಿ ಮೆಮೊರಿಯಾಗಲಿ ತುಂಬಿದ್ದು ಕಂಡಿದ್ದರೆ ಮಾತ್ರ. ಸಿಪಿಯು ಒಂದೇ ನೂರಕ್ಕೆ ಮುಟ್ಟುತ್ತಿದ್ದಲ್ಲಿ ಇವೆರಡರಿಂದಲೂ ತಡವರಿಕೆ ಹೋಗದು. ಅಲ್ಲಿ ಖರ್ಚಿಲ್ಲದ ಪ್ರಾಕ್ಸಿಯೇ ಸಾಕು. ಮೂಲ ಫೈಲುಗಳನ್ನು ಮಾತ್ರ ಮುಂದಿನ ಹಂಗಾಮಿನಲ್ಲಿ ಅದೇ ಕೆಲಸವನ್ನು ಮತ್ತೆ ಚಿತ್ರೀಕರಿಸುವವರೆಗಾದರೂ ಬೇರೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಮಾಡಿ ಇಟ್ಟಿರಬೇಕು.